ಕಿಬ್ಲಾಕ್ಕೆ ಬೆನ್ನು ಹಾಕಿದ ಡಿಶ್

ನಮ್ಮ ಮನೆಯೊಳಗೆ ಟಿವಿ ಇರಲಿಲ್ಲ. ಟಿವಿ ಇದ್ದದ್ದು ಅಂಗಳದಲ್ಲಿ ನಿಲ್ಲುತ್ತಿದ್ದ ವ್ಯಾನಿನಲ್ಲಿ. ಚಿತ್ರಗಳು ಕುಣಿಯುವ ಮನೆಗೆ ದೇವಚರರು, ಅಂದರೆ ದೇವದೂತರು, ಕಾಲಿಡುವುದಿಲ್ಲ ಎಂದು ಉಮ್ಮ ಹಟ ಹಿಡಿದಿದ್ದಳು. ಬಾಪ ಎದುರಾಡಲಿಲ್ಲ. ವ್ಯಾನಿಗೆ ಚಕ್ರ ಉಂಟು, ಚಕ್ರ ಇರುವುದನ್ನು ಮನೆ ಅನ್ನಲಿಕ್ಕೆ ಆಗುವುದಿಲ್ಲ ಎಂದು ತಮ್ಮದೇ ಒಂದು ನ್ಯಾಯ ತೆಗೆದರು. ಆಶ್ಚರ್ಯವೆಂದರೆ ಉಮ್ಮ ಅದಕ್ಕೆ ಒಪ್ಪಿಬಿಟ್ಟಳು. ಇಬ್ಬರೂ ಸೇರಿ ದೇವಚರರಿಗೇ ಬೇಲಿ ಹಾಕಿಕೊಟ್ಟರು ಎಂದು ನಾನೂ ಅಣ್ಣನೂ ಅಡುಗೆಮನೆಯ ಹಿಂದೆ ನಿಂತು ನಗುತ್ತಿದ್ದೆವು.

ಬಾಪ ಸೌದಿಯ ಮರುಭೂಮಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದವರು. ರಜೆಯ ಸಂಜೆ ಅಲ್ಲಿನ ಕುಟುಂಬಗಳು ಗಾಡಿಯನ್ನೇ ಮನೆ ಮಾಡಿಕೊಂಡು ಮರಳಿನ ನಡುವೆ ಬಂದು ನಿಲ್ಲುವುದನ್ನು, ಪಕ್ಕದಲ್ಲಿ ಡಿಶ್ ನೆಟ್ಟು ಚಾಪೆ ಹಾಸಿ ಟಿವಿ ನೋಡುವುದನ್ನು ವರ್ಷಗಟ್ಟಲೆ ನೋಡಿ ಆಸೆಪಟ್ಟಿದ್ದರು. ತೊಂಬತ್ತರ ದಶಕದ ಕೊನೆಗೆ ಊರಿಗೆ ಬಂದು ನೆಲೆಸಿದಾಗ ಪಾಣೆಮಂಗಳೂರಿನ ಉಳಿದ ಗಲ್ಫಿನವರ ಹಾಗೆ ಬಟ್ಟೆ ಅಂಗಡಿ ಹಾಕಲಿಲ್ಲ. ಹಳೆಯ ಮೆಟಡೋರ್ ಒಂದನ್ನು ತಂದು ಸೀಟು ಕಿತ್ತು, ಎರಡು ಮಲಗುವ ಹಲಗೆ, ಒಂದು ಸ್ಟವ್, ನೀರಿನ ಡ್ರಮ್, ಕಿಟಕಿಗೆಲ್ಲ ಪರದೆ, ಡ್ರೈವರ್ ಸೀಟಿನ ಬೆನ್ನಿಗೆ ಪುಟ್ಟ ಟಿವಿ, ಅದಕ್ಕೆಂದೇ ಇನ್ನೊಂದು ಬ್ಯಾಟರಿ, ಎಲ್ಲ ಕೂರಿಸಿದರು. ಅಜ್ಮೀರಕ್ಕೋ ನಾಗೂರಿಗೋ ಝಿಯಾರತ್‌ಗೆ, ದರ್ಗಾ ದರ್ಶನಕ್ಕೆ, ಹೋಗುವವರು ಅದನ್ನು ಬಾಡಿಗೆಗೆ ಕರೆಯುತ್ತಿದ್ದರು. ಮೂಡುಬಿದಿರೆ, ಬೆಳುವಾಯಿ ಕಡೆಯ ಜೈನ ಮನೆತನದವರೂ ಯಾತ್ರೆಗೆ ಕರೆಯುತ್ತಿದ್ದರು. ಅವರು ಬರುವಾಗ ನಮ್ಮ ಪಾತ್ರೆಗಳೆಲ್ಲ ಕೆಳಗಿಳಿದು ಅವರ ಪಾತ್ರೆಗಳು ಹತ್ತುತ್ತಿದ್ದವು. ನಮ್ಮವರ ಪ್ರಯಾಣವಾದರೆ ಅಡುಗೆಗೆ ಉಮ್ಮನೂ ಜೊತೆಗೆ ಹೋಗುತ್ತಿದ್ದಳು.

ವ್ಯಾನಿನ ತಲೆಯ ಮೇಲೆ ಡಿಶ್ ಇರುತ್ತಿತ್ತು. ಅದು ಈಗಿನ ಹಾಗೆ ಕಿಟಕಿಗೆ ಸಿಕ್ಕಿಸುವ ಬಟ್ಟಲಲ್ಲ. ಆಳೆತ್ತರದ್ದು, ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುವಂಥದ್ದು. ತಂಗುವಲ್ಲಿ ಇಳಿಸಿ, ಎಸಳು ಜೋಡಿಸಿ, ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬಾಪ ಮೊದಲು ಸ್ಟ್ಯಾಂಡಿನ ಕಂಬ ನೆಟ್ಟಗಿದೆಯೋ ಎಂದು ನೂಲಿಗೆ ನಟ್ಟು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ಕಾಲಿನಡಿಗೆ ಚಪ್ಪಟೆ ಕಲ್ಲು ಕೊಡುತ್ತಿದ್ದರು. ಡಿಶ್ಶನ್ನು ಎಷ್ಟು ಮೇಲಕ್ಕೆ ಎತ್ತಬೇಕೆಂದು ಅಳೆಯುತ್ತಿದ್ದದ್ದು ನನ್ನ ಶಾಲೆಯ ಜಾಮಿಟ್ರಿ ಬಾಕ್ಸಿನ ಕೋನಮಾಪಕದಿಂದ. ದಿಕ್ಕಿಗೆ ಮಾತ್ರ ಅವರ ಹತ್ತಿರ ಬೇರೆಯೇ ಉಪಾಯವಿತ್ತು. ಹಳೆಯ ಮುಸಲ್ಲಾದ, ಅಂದರೆ ನಮಾಝಿನ ಚಾಪೆಯ, ಮೂಲೆಯಲ್ಲಿದ್ದ ಪುಟ್ಟ ದಿಕ್ಸೂಚಿಯನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಅದರ ಮುಳ್ಳು ನಮಾಝಿಗೆ ಕಿಬ್ಲಾ ತೋರಿಸಲಿಕ್ಕೆ, ಮಕ್ಕಾ ಯಾವ ಕಡೆಗಿದೆ ಎಂದು ಹೇಳಲಿಕ್ಕೆ ಇದ್ದದ್ದು. ನಮ್ಮ ಊರಿಗೆ ಅದು ಪಡುವಣ, ತುಸು ಬಡಗಣಕ್ಕೆ ವಾಲಿಕೊಂಡು. ವ್ಯಾನಿನ ಕಬ್ಬಿಣ ಮುಳ್ಳನ್ನು ಎಳೆಯುತ್ತದೆಂದು ಬಾಪ ದೂರ ನಡೆದು ಹೋಗಿ, ಕಿಬ್ಲಾ ಹಿಡಿದು ನಿಂತು, ಆಮೇಲೆ ನಿಂತಲ್ಲೇ ಪೂರ್ತಿ ಹಿಂದೆ ತಿರುಗುತ್ತಿದ್ದರು. ಈಗ ಮುಖ ಇರುವ ಕಡೆಗೇ ಡಿಶ್ಶಿನ ಮುಖವೂ ಇರಬೇಕು. ಅವರ ಲೆಕ್ಕ ಅಷ್ಟೇ ಇತ್ತು, ತಪ್ಪಿದ್ದನ್ನು ನಾನು ನೋಡಿಲ್ಲ.

ಮಕ್ಕಾದ ದೊಡ್ಡ ಮಸೀದಿಯಾದ ಹರಮಿನ ನಮಾಝ್ ತೋರಿಸುವ ಚಾನಲ್ ಆ ಕಾಲದಲ್ಲಿ ನಮಗೆ ಸಿಗುತ್ತಿದ್ದದ್ದು ಮೂಡಣದ ಆಕಾಶದಲ್ಲಿರುವ ಉಪಗ್ರಹದಿಂದ. ಝಿಯಾರತ್‌ಗೆ ಬರುವ ಮುದುಕರಿಗೆ ಅದೇ ಬೇಕು. ಕಾಬಾ ಕಾಣಬೇಕಾದರೆ ಕಾಬಾಕ್ಕೆ ಬೆನ್ನು ಹಾಕಬೇಕು ಎಂದು ಬಾಪ ತಮಾಷೆ ಮಾಡಿದರೆ ಉಮ್ಮನಿಗೆ ಮೈ ಉರಿಯುತ್ತಿತ್ತು. ನಾವು ಆ ಕಡೆಗೆ ಕಾಲು ಚಾಚಿ ಮಲಗುವವರಲ್ಲ, ಆ ಕಡೆಗೆ ಉಗುಳುವವರೂ ಅಲ್ಲ. ಇಷ್ಟು ದೊಡ್ಡ ವಸ್ತುವನ್ನು ಅತ್ತ ಬೆನ್ನು ಮಾಡಿ ನಿಲ್ಲಿಸುವುದೆಂದರೆ ಏನು? ಚಿತ್ರ ಅಲ್ಲಿಂದ ಮೇಲೆ ಹೋಗಿ, ಮೂಡು ದಿಕ್ಕಿಗೆ ಬಂದು, ಅಲ್ಲಿಂದ ನಮ್ಮ ಮೇಲೆ ಬೀಳುತ್ತದೆಂದು ಬಾಪ ಎಷ್ಟೋ ಸಲ ಬಿಡಿಸಿ ಹೇಳಿದ್ದರು. ಉಮ್ಮ ಅರ್ಥವಾದರೂ ಒಪ್ಪುತ್ತಿರಲಿಲ್ಲ. ಪ್ರತಿ ತಂಗುದಾಣದಲ್ಲೂ ಈ ಜಗಳ ಒಮ್ಮೆ ಆಗಿಯೇ ಆಗುತ್ತಿತ್ತು, ಆಮೇಲೆ ಇಬ್ಬರೂ ಕೆಲಸಕ್ಕೆ ಇಳಿಯುತ್ತಿದ್ದರು.

ಏಕೆಂದರೆ ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಹೊರಗೆ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಇನ್ನೊಬ್ಬರು ಒಳಗೆ ಟಿವಿಯ ಪರದೆಯ ಮೇಲಿನ ಸಿಗ್ನಲ್ ಗೀಟುಗಳನ್ನು ನೋಡಿ ಕೂಗಿ ಹೇಳಬೇಕು. ಒಳಗಿನ ಕೆಲಸ ಉಮ್ಮನದು. ಗೀಟು ಚಿತ್ರವಲ್ಲ, ಆದ್ದರಿಂದ ಅದನ್ನು ನೋಡಲಿಕ್ಕೆ ಅಡ್ಡಿಯಿಲ್ಲವೆಂದು ಅವಳೇ ತನಗೆ ಫತ್ವಾ ಕೊಟ್ಟುಕೊಂಡಿದ್ದಳು. ಪರದೆಯಲ್ಲಿ ಎರಡು ಗೀಟು ಬರುತ್ತಿದ್ದವು. ಮೇಲಿನದು ಡಿಶ್ ಎತ್ತ ತಿರುಗಿದರೂ ತುಂಬಿಕೊಂಡು ಕೂರುತ್ತಿತ್ತು. ಕೆಳಗಿನದು ಸರಿಯಾದ ಉಪಗ್ರಹ ಸಿಕ್ಕಿದರೆ ಮಾತ್ರ ಏಳುತ್ತಿತ್ತು. ಮೇಲಿನದಕ್ಕೆ ಉಮ್ಮ ಸುಳ್ಳಿ ಎಂದು ಹೆಸರಿಟ್ಟಿದ್ದಳು. ಕೆಳಗಿನದು ಎದ್ದರೆ ‘ಬಂತು’, ಬಿದ್ದರೆ ‘ಹೋಯಿತು’. ಚಿತ್ರ ಮೂಡಿದ ಕೂಡಲೇ ತಟ್ಟನೆ ಎದ್ದು, ತಲೆವಸ್ತ್ರ ಸರಿ ಮಾಡಿಕೊಂಡು, ಪರದೆಯ ಕಡೆಗೆ ತಿರುಗಿಯೂ ನೋಡದೆ ಸ್ಟವ್ ಹಚ್ಚಲಿಕ್ಕೆ ಹೋಗುತ್ತಿದ್ದಳು. ಇಷ್ಟು ಕಷ್ಟಪಟ್ಟು ಚಿತ್ರ ಬರಿಸಿ ಒಮ್ಮೆಯೂ ನೋಡದ ಹೆಂಗಸು ಲೋಕದಲ್ಲಿ ಅವಳೊಬ್ಬಳೇ ಇರಬೇಕು.

ನಾರಾವಿಯಲ್ಲಿ ಒಮ್ಮೆ ಮದುವೆಮನೆಯೊಂದಕ್ಕೆ ನೆಂಟರು ತಂಗಲೆಂದು ವ್ಯಾನನ್ನು ಕರೆದಿದ್ದರು, ಹತ್ತಿರದ ಊರೆಂದು ಉಮ್ಮನೂ ನಾನೂ ಹೋಗಿದ್ದೆವು. ಮನೆಯ ಮೂಡು ಬದಿಗೆ ದೊಡ್ಡ ಹಲಸಿನ ಮರ, ಅದರಾಚೆ ಗುಡ್ಡ. ಅಂಗಳದಲ್ಲಿ ಏನು ಮಾಡಿದರೂ ಕೆಳಗಿನ ಗೀಟು ಏಳಲಿಲ್ಲ. ಬಾಪ ಡಿಶ್ ಹೊರಿಸಿಕೊಂಡು ಕೊಯ್ಲಾದ ಗದ್ದೆಗೆ ಇಳಿದರು, ವ್ಯಾನೂ ಹಿಂದೆಯೇ ಹೋಯಿತು. ಆ ಗದ್ದೆಯಿಂದ ಈ ಗದ್ದೆಗೆ ಸಾಗುತ್ತಾ, ಹೊರಗಿನಿಂದ ಬಾಪ ‘ಬಂತಾ’ ಅನ್ನುವುದು, ಒಳಗಿನಿಂದ ಉಮ್ಮ ‘ಇಲ್ಲ’ ಅನ್ನುವುದು. ಗದ್ದೆಯ ಬದುವಿನ, ಕಟ್ಟಪುಣಿಯ, ಮೇಲೆ ಕೂತಿದ್ದ ಆ ಮನೆಯ ಅಜ್ಜಿ ಸುಮಾರು ಹೊತ್ತು ನೋಡಿ, ಇವರಿಗೆ ಹೊಸತಾಗಿ ಮದುವೆಯಾದದ್ದಾ ಎಂದು ತುಳುವಿನಲ್ಲಿ ನನ್ನನ್ನು ಕೇಳಿದರು. ಅದನ್ನು ಹೇಳಿದಾಗ ಬಾಪ ಬೆಳ್ತಂಗಡಿ ತಲುಪುವವರೆಗೂ ನಗುತ್ತಿದ್ದರು. ಉಮ್ಮ ನಗಲಿಲ್ಲ, ಆದರೆ ಆ ದಿನ ಬೆನ್ನಿನ ಜಗಳವನ್ನೂ ತೆಗೆಯಲಿಲ್ಲ.

ಬಾಪ ಸೌದಿಯಲ್ಲಿದ್ದಾಗಲೇ ತಮ್ಮ ಹಜ್ ಮುಗಿಸಿದ್ದರು. ಎರಡು ಸಾವಿರದ ನಂತರ ಒಂದು ವರ್ಷ ಮತ್ತೆ ಹೊರಟದ್ದು ತೀರಿಹೋದ ಅವರ ತಾಯಿಯ ಹೆಸರಿನಲ್ಲಿ. ನಮ್ಮಲ್ಲಿ ಇದಕ್ಕೆ ಬದಲಿ ಹಜ್ ಅನ್ನುತ್ತೇವೆ. ಇದೊಂದು ಹರಕೆ ತೀರಲಿ, ಮುಂದಿನ ಸಲ ನಿನ್ನನ್ನೇ ಕರೆದುಕೊಂಡು ಹೋಗುತ್ತೇನೆ ಎಂದು ಉಮ್ಮನಿಗೆ ಮಾತು ಕೊಟ್ಟಿದ್ದರು. ಹೊರಡುವ ಮುಂಚೆ ಡಿಶ್ಶಿನ ಎಸಳುಗಳನ್ನು ಬಿಚ್ಚಿ, ಎಣ್ಣೆ ಸವರಿ, ವ್ಯಾನಿನ ಒಳಗೆ ಕಟ್ಟಿಟ್ಟರು. ದಿಕ್ಸೂಚಿಯನ್ನು ಉಮ್ಮನ ಕೈಗೆ ಕೊಟ್ಟು, ಅಸರ್ ನಮಾಝಿನ ಹೊತ್ತಿಗೆ ಟಿವಿ ಹಾಕು, ನಾನು ಜನರ ನಡುವೆ ಕೈ ಎತ್ತುತ್ತೇನೆ, ಗುರುತು ಹಿಡಿ ನೋಡುವ ಅಂದರು. ತಾನು ಗೀಟು ನೋಡುವವಳೇ ಹೊರತು ಚಿತ್ರ ನೋಡುವವಳಲ್ಲ ಎಂದು ಉಮ್ಮ ಬಿಗುಮಾನದಿಂದ ಹೇಳಿ ಅದನ್ನು ಅಕ್ಕಿಯ ಡಬ್ಬಿಯ ಮೇಲೆ ಇಟ್ಟಳು.

ಹಜ್ಜಿನ ದಿನಗಳು ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಫೋನ್ ಬಂತು. ಬಾಪನ ಜೊತೆಗೆ ಹೋಗಿದ್ದ ಊರಿನವರೊಬ್ಬರು ಮಾತಾಡಿದರು. ಹಿಂದಿನ ಸಂಜೆ ಎದೆನೋವು ಬಂದಿತ್ತು, ಆಸ್ಪತ್ರೆಗೆ ಸೇರಿಸಿದ್ದರು, ಅಲ್ಲಿಯೇ ತೀರಿಕೊಂಡಿದ್ದರು. ದಫನವೂ ಅಲ್ಲಿಯೇ. ಇವತ್ತು ಅಸರ್ ನಮಾಝ್ ಮುಗಿದ ಕೂಡಲೇ ಹರಮಿನಲ್ಲಿ ತೀರಿದವರಿಗಾಗಿ ಮಾಡುವ ಮಯ್ಯಿತ್ ನಮಾಝ್, ಎಂಥ ಭಾಗ್ಯ ನೋಡಿ ಅಂದರು ಅವರು. ಬಂದವರೆಲ್ಲ ಅದನ್ನೇ ಹೇಳಿದರು. ಭಾಗ್ಯ ಎಂಬ ಮಾತನ್ನು ಆ ದಿನ ಕೇಳಿದಷ್ಟು ನಾನು ಯಾವತ್ತೂ ಕೇಳಿಲ್ಲ. ನನಗೆ ಬಾಪ ಬೇಕಿತ್ತು, ಅವರ ಭಾಗ್ಯ ಬೇಕಿರಲಿಲ್ಲ.

ಮನೆಯಲ್ಲಿ ಸಾವಾದರೆ ನಮ್ಮ ಹೆಂಗಸರಿಗೆ ಸಿಗುವುದು ಮುಖ ಮಾತ್ರ. ಮೀಯಿಸಿ, ಕಫನ್ ಹೊದಿಸಿ, ಕೊನೆಗೊಮ್ಮೆ ಬಟ್ಟೆ ಸರಿಸಿ ತೋರಿಸುತ್ತಾರೆ. ಆಮೇಲೆ ಗಂಡಸರು ಹೆಗಲು ಕೊಟ್ಟು ಹೊರಟರೆ ಮಸೀದಿಯ ನಮಾಝೂ ಇಲ್ಲ, ಕಬರಿನ ಮಣ್ಣೂ ಇಲ್ಲ. ಬಾಗಿಲಲ್ಲಿ ನಿಂತು ಸದ್ದು ದೂರವಾಗುವುದನ್ನು ಕೇಳಬೇಕು ಅಷ್ಟೇ. ಉಮ್ಮನಿಗೆ ಆ ಮುಖವೂ ಇಲ್ಲವಾಯಿತು. ಬಿಳಿ ಬಟ್ಟೆ ಉಟ್ಟು ಒಳಕೋಣೆಯಲ್ಲಿ ಕೂತಿದ್ದವಳು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು.

“ಅಸರಿಗೆ ಡಿಶ್ ಕಟ್ಟಲಿಕ್ಕೆ ಹೇಳು. ನಾನು ನೋಡ್ತೇನೆ.”

ಮಾತು ಹೊರಗೆ ಹೋದ ಕೂಡಲೇ ಜಗಲಿಯಲ್ಲಿ ಗಡಿಬಿಡಿಯಾಯಿತು. ಉಮ್ಮನ ಅಣ್ಣ, ನನ್ನ ದೊಡ್ಡ ಮಾಮ, ಇದು ಆಗುವ ಹೋಗುವ ಮಾತಲ್ಲ ಅಂದರು. ಗಂಡ ತೀರಿದವಳು ‘ಇದ್ದ’ ಎಂಬ ಶೋಕದ ಅವಧಿಗೆ ಕೂರಬೇಕು. ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆಯ ಹೊಸ್ತಿಲು ದಾಟಬಾರದು, ಪರಗಂಡಸರ ಕಣ್ಣಿಗೆ ಬೀಳಬಾರದು. ಟಿವಿಯನ್ನೇ ಒಳಗೆ ತರುವ ಅಂದರೆ ಅದಕ್ಕೆ ಉಮ್ಮನೇ ಒಪ್ಪಲಿಲ್ಲ. ಇಷ್ಟು ವರ್ಷ ಇಲ್ಲದ್ದು ಇವತ್ತು ಯಾಕೆ ಅಂದಳು. ವ್ಯಾನನ್ನು ಹಿಮ್ಮುಖವಾಗಿ ತಂದು ಅಡುಗೆಮನೆಯ ಬಾಗಿಲಿಗೆ ತಾಗಿಸಿ ನಿಲ್ಲಿಸಿ, ನಡುವೆ ಎರಡೂ ಬದಿಗೆ ಸೀರೆ ಕಟ್ಟಿ ಎಂದು ಅವಳೇ ದಾರಿ ಹೇಳಿದಳು. ವ್ಯಾನ್ ಮನೆಯ ಹೊರಗಲ್ಲವಾ ಎಂದು ಮಾಮ ಬಾಗಿಲ ಮರೆಯಿಂದ ಕೇಳಿದಾಗ ಅವಳು ಹೇಳಿದ್ದು ನನಗೆ ನೆನಪಿದೆ.

“ಅದು ಅವರು ಕಟ್ಟಿದ ಕೋಣೆ, ಅಣ್ಣ. ಅವರ ಕೋಣೆಗೆ ಹೋಗ್ತೇನೆ.”

ಚಕ್ರದ ನ್ಯಾಯವನ್ನು ಆವತ್ತು ಯಾರೂ ಎತ್ತಲಿಲ್ಲ. ಎತ್ತುವವರು ಇರಲಿಲ್ಲ.

ಮಕ್ಕಾದಲ್ಲಿ ಇಳಿಹೊತ್ತಿನ ಅಸರ್ ಆಗುವಾಗ ನಮ್ಮಲ್ಲಿ ಹೊತ್ತು ಮುಳುಗಲಿಕ್ಕೆ ಹತ್ತಿರ. ಉಮ್ಮ ಹಲಗೆಯ ಅಂಚಿನಲ್ಲಿ ಕೂತಳು, ನಾನು ಪಕ್ಕದಲ್ಲಿ. ವ್ಯಾನಿನ ಮೂತಿ ಪಡುವಣಕ್ಕಿದ್ದುದರಿಂದ ಟಿವಿಯ ಎದುರು ಕೂತರೆ ತಾನಾಗಿ ಕಿಬ್ಲಾದ ಕಡೆಗೇ ಮುಖವಾಗುತ್ತಿತ್ತು. ಹೊರಗೆ ಅಣ್ಣ ಎಸಳು ಜೋಡಿಸಿದ. ಅವನು ಬಾಪನ ಜೊತೆ ವ್ಯಾನಿನಲ್ಲಿ ತಿರುಗಿದವನಲ್ಲ, ಓದು ಮುಗಿಸಿ ದುಬೈಗೆ ಹೋದವನು, ರಜೆಯಲ್ಲಿ ಬಂದಿದ್ದ. ದಿಕ್ಸೂಚಿಯನ್ನು ವ್ಯಾನಿನ ಬಾಗಿಲ ಹತ್ತಿರವೇ ಹಿಡಿದ. ದೂರ ಹೋಗಿ ನೋಡು ಎಂದು ನಾನು ಪರದೆಯ ಸಂದಿಯಿಂದ ಹೇಳಿದೆ, ಹೋದ. ಕಿಬ್ಲಾ ಸಿಕ್ಕಿತು. ಅವನು ಡಿಶ್ಶನ್ನು ನೇರವಾಗಿ ಆ ಕಡೆಗೇ ತಿರುಗಿಸಿ ನಿಲ್ಲಿಸಿದ.

ಹಾಗಲ್ಲ, ಬೆನ್ನು ಹಾಕಬೇಕು ಎಂದೆ. ಅವನು ಕೇಳಲಿಲ್ಲ. ಬಾಪ ಅಲ್ಲಿ ಮಲಗಿದ್ದಾರೆ, ಇವತ್ತಾದರೂ ಅತ್ತ ಮುಖವಿರಲಿ ಎಂದು ಅಳುತ್ತಲೇ ಹೇಳಿದ. ಮಾಮನೂ ಅವನ ಪರ. ಮಕ್ಕಾದಿಂದ ಬರುವುದು ಮಕ್ಕಾದ ಕಡೆಯಿಂದಲ್ಲದೆ ಮತ್ತೆ ಎಲ್ಲಿಂದ ಬರುತ್ತದೆ ಎಂದು ಅವರ ವಾದ. ಸೀರೆಯ ಮರೆಯಿಂದ ಇಣುಕಿ, ಮೇಲಿನ ಗೀಟು ತುಂಬಿದ್ದನ್ನು ನೋಡಿ, ಸಿಗ್ನಲ್ ಉಂಟಲ್ಲ, ಸ್ವಲ್ಪ ತಾಳಿ, ಬರ್ತದೆ ಅಂದರು. ನಾನು ಮೂಡು ದಿಕ್ಕು, ಉಪಗ್ರಹ ಎಂದು ಬಾಪ ಹೇಳಿದ್ದನ್ನೆಲ್ಲ ಹೇಳಿದೆ. ಸತ್ತ ಮನೆಯಲ್ಲಿ ಹೆಣ್ಣು ಮಗಳು ಇಷ್ಟು ಮಾತಾಡಬಾರದು ಎಂದು ಯಾರೋ ಹೊರಗಿನಿಂದ ಅಂದರು. ಯಾರೆಂದು ಈಗಲೂ ಗೊತ್ತಿಲ್ಲ, ಸಿಟ್ಟು ಮಾತ್ರ ಈಗಲೂ ಇದೆ. ಅಣ್ಣ ಡಿಶ್ಶನ್ನು ತುಸು ಎಡಕ್ಕೆ, ತುಸು ಬಲಕ್ಕೆ, ಕೆಳಕ್ಕೆ, ಮೇಲಕ್ಕೆ ಮಾಡಿದ. ಹೊತ್ತು ತೆಂಗಿನ ತಲೆಗಿಂತ ಕೆಳಗಿಳಿಯಿತು. ಕೆಳಗಿನ ಗೀಟು ಸತ್ತುಬಿದ್ದಿತ್ತು.

ಉಮ್ಮ ಅಷ್ಟೂ ಹೊತ್ತು ಆ ಗೀಟನ್ನೇ ನೋಡುತ್ತಿದ್ದಳು. ಇದ್ದದಲ್ಲಿರುವವಳ ದನಿ ಹೊರಗಿನವರಿಗೆ ಕೇಳಬಾರದು ಎಂದು ಬೆಳಿಗ್ಗೆಯಷ್ಟೇ ಅವಳಿಗೆ ಹೆಂಗಸರೆಲ್ಲ ಬುದ್ಧಿ ಹೇಳಿ ಹೋಗಿದ್ದರು. ಅಂಗಳದ ತುಂಬ ಗಂಡಸರಿದ್ದರು. ಅವಳು ಗಟ್ಟಿಯಾಗಿ, ನಾರಾವಿಯ ಗದ್ದೆಯಲ್ಲಿ ಕೂಗಿದಷ್ಟೇ ಗಟ್ಟಿಯಾಗಿ ಕೂಗಿದಳು.

“ಮೇಲಿನದು ಸುಳ್ಳಿ. ಅದನ್ನು ನಂಬಬೇಡ. ಡಿಶ್ಶನ್ನು ಕಿಬ್ಲಾಕ್ಕೆ ಬೆನ್ನು ಹಾಕಿ ನಿಲ್ಲಿಸು.”

“ಇವತ್ತಾ, ಉಮ್ಮ?” ಎಂದು ಅಣ್ಣ ಕೇಳಿದ.

“ಇವತ್ತೇ. ನಿನ್ನ ಬಾಪ ಹಾಗೇ ಮಾಡ್ತಿದ್ದದ್ದು.”

ಕಬ್ಬಿಣ ಕಿರುಗುಟ್ಟಿತು. ನಾನು ಕೋನಮಾಪಕವನ್ನು ಸಂದಿಯಿಂದ ಹೊರಗೆ ಚಾಚಿದೆ, ಅವನು ತೆಗೆದುಕೊಂಡ. ಆಮೇಲೆ ಉಮ್ಮ ತನ್ನ ಹಳೆಯ ಕೆಲಸ ಶುರು ಮಾಡಿದಳು. ಇಲ್ಲ, ಇಲ್ಲ, ಇನ್ನು ಸ್ವಲ್ಪ ಈಚೆ, ಬಂತು, ಹೋಯಿತು, ಮೆಲ್ಲ, ಮೆಲ್ಲ. ಕೂಗುತ್ತಾ ಕೂಗುತ್ತಾ ಅವಳ ದನಿ ಬದಲಾಯಿತು. ಕೆಳಗಿನ ಗೀಟು ಎದ್ದು ನಿಂತಾಗ ಅವಳು ಬಾಪನೊಡನೆ ಮಾತಾಡುವಂತೆಯೇ, “ಬಂತು, ಬಂತು, ಇನ್ನು ಮುಟ್ಟಬೇಡಿ” ಅಂದುಬಿಟ್ಟಳು. ಹೊರಗೆ ಅಣ್ಣ ಬಿಕ್ಕುವುದು ಕೇಳಿತು.

ಚಿತ್ರ ಮೂಡಿತು. ಅಸರಿನ ಕೊನೆಯ ಸುತ್ತು, ರಕಅತ್, ನಡೆಯುತ್ತಿತ್ತು. ಎದ್ದು ಹೋಗಬೇಕಾದ ಉಮ್ಮ ಈ ಸಲ ಎದ್ದು ಹೋಗಲಿಲ್ಲ. ಅಲ್ಲಿ ಇನ್ನೂ ಬಿಸಿಲಿತ್ತು. ಕಾಬಾದ ಕಪ್ಪು ಬಟ್ಟೆ, ಸುತ್ತ ಬಿಳಿಯ ಸಾಲುಗಳು, ಎಲ್ಲವೂ ಎತ್ತರದಿಂದ ಹಿಡಿದ ಚಿತ್ರ. ಅವಳು ಮೊದಲ ಸಲ ಅದನ್ನು ಕಣ್ಣು ತುಂಬ ನೋಡಿದಳು. ಸಲಾಮ್ ಹೇಳಿ ನಮಾಝ್ ಮುಗಿಸಿದ್ದಾಯಿತು. ಆಮೇಲೆ ಒಂದು ದನಿ ತೀರಿಕೊಂಡವರ ಮೇಲೆ ನಮಾಝ್ ಇದೆ ಎಂದು ಅರಬಿಯಲ್ಲಿ ಕರೆಯಿತು. ತೀರಿಕೊಂಡವನ ಮೇಲೆ ಅಲ್ಲ, ತೀರಿಕೊಂಡವರ ಮೇಲೆ. ಆ ದಿನ ಅಲ್ಲಿ ಎಷ್ಟು ಮನೆಯವರು ಕಫನಿನಲ್ಲಿ ಮಲಗಿದ್ದರೋ. ಸಾಲುಗಳಲ್ಲಿ ಕೂತಿದ್ದ ಅಷ್ಟೂ ಜನ ಮತ್ತೆ ಎದ್ದು ನಿಂತರು.

“ಎಲ್ಲಿದ್ದಾರೆ?” ಎಂದು ಉಮ್ಮ ಕೇಳಿದಳು.

ಮುಂದೆ ಎಲ್ಲೋ ಇರುತ್ತಾರೆ, ಟಿವಿಯಲ್ಲಿ ತೋರಿಸುವುದಿಲ್ಲ ಎಂದೆ. ಅವಳು ಎದ್ದು ಕೈ ಕಟ್ಟಿ ನಿಂತಳು. ಮಯ್ಯಿತ್ ನಮಾಝಿನಲ್ಲಿ ಬಾಗುವುದಿಲ್ಲ, ಸಾಷ್ಟಾಂಗ ಮಾಡುವುದಿಲ್ಲ, ನಿಂತೇ ಮುಗಿಸುತ್ತಾರೆ. ವ್ಯಾನಿನ ಛಾವಣಿ ತಗ್ಗು. ಉಮ್ಮ ತಲೆ ತಗ್ಗಿಸಿ, ಬೆನ್ನು ಬಾಗಿಸಿ ನಿಂತಿದ್ದಳು. ಟಿವಿಯಲ್ಲಿ ಕಾಣುವ ಇಮಾಮರ ಹಿಂದೆ ನಿಂತು ಮಾಡಿದ ನಮಾಝ್ ಕೂಡುವುದಿಲ್ಲ ಎಂದು ಮಾಮನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮಾಮ ಆವತ್ತು ಮೊದಲ ಬಾರಿಗೆ ಏನೂ ಹೇಳದೆ ಉಳಿದರು, ಅದಕ್ಕಾಗಿ ಅವರ ಉಳಿದದ್ದನ್ನೆಲ್ಲ ನಾನು ಮನ್ನಿಸಿದ್ದೇನೆ. ಅಲ್ಲಾಹು ಅಕ್ಬರ್ ಎಂಬ ನಾಲ್ಕು ತಕ್ಬೀರ್ ಆಯಿತು, ಸಲಾಮ್ ಆಯಿತು, ಜನ ಚೆದುರತೊಡಗಿದರು. ಕ್ಯಾಮೆರಾ ಬೇರೆ ಕಡೆಗೆ ಹೊರಳಿತು.

“ಆಯಿತಾ?”

“ಆಯಿತು, ಉಮ್ಮ.”

“ಇಷ್ಟೇಯಾ?” ಅಂದಳು.

ನಮ್ಮ ಮಸೀದಿಯಲ್ಲಿ ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಯಿತು, ಅಂಗಳದ ಗಂಡಸರು ಹೊರಟರು. ಉಮ್ಮ ಸೀರೆಯ ಮರೆಯಲ್ಲಿ ಇಳಿದು ಮನೆಯೊಳಗೆ ಹೋದಳು.

ಮರುದಿನ ಅಣ್ಣ ಡಿಶ್ ಬಿಚ್ಚಲಿಕ್ಕೆ ಸ್ಪಾನರ್ ಹಿಡಿದು ನಿಂತಾಗ, ಅದು ಹಾಗೇ ಇರಲಿ ಎಂದು ಉಮ್ಮ ಕಿಟಕಿಯಿಂದ ಹೇಳಿದಳು. ಕಾರಣ ಹೇಳಲಿಲ್ಲ. ಟಿವಿ ನೋಡಲಿಕ್ಕೆ ಅವಳು ಮತ್ತೆ ಕೇಳಲೂ ಇಲ್ಲ. ಇದ್ದದ ಕೋಣೆಗೆ ಇದ್ದದ್ದು ಅಂಗಳದ ಕಡೆಗಿನ ಅದೊಂದೇ ಕಿಟಕಿ. ಡಿಶ್ ಮನೆಯ ಕಡೆಗೆ ಮುಖ ಮಾಡಿ, ಹೆಂಚಿನ ಮೇಲಿನಿಂದ ಮೂಡಣದ ಆಕಾಶ ನೋಡುತ್ತಾ ನಿಂತಿತ್ತು. ಉಮ್ಮ ತಸ್ಬೀಹ್ ಮಣಿ ಎಣಿಸುತ್ತಾ ಅದನ್ನು ನೋಡುತ್ತಿದ್ದಳು. ಅಣ್ಣ ದುಬೈಗೆ ಹೋದ. ಡಿಶ್ಶಿನ ಮೇಲೆ ಧೂಳು ಕೂತಿತು, ಬೋಲ್ಟುಗಳು ಕೆಂಪಾದವು. ವ್ಯಾನಿನ ಬ್ಯಾಟರಿಯೂ ಸತ್ತಿತು, ಬಾಡಿಗೆಗೆ ಕೇಳಿ ಬಂದವರನ್ನು ಹಿಂದೆ ಕಳುಹಿಸಿದೆವು.

ಇದ್ದದ ದಿನಗಳು ಮುಗಿಯುವಾಗ ಮಳೆ ಶುರುವಾಗಿತ್ತು. ಅಣ್ಣ ಮತ್ತೆ ಬಂದಿದ್ದ. ಮಿಂದು, ಬಣ್ಣದ ಸೀರೆ ಉಟ್ಟು ಹೊಸ್ತಿಲು ದಾಟಿದ ಉಮ್ಮ, ಕಾದು ಕೂತಿದ್ದ ನೆಂಟರ ಕಡೆಗೆ ಹೋಗಲಿಲ್ಲ. ಜಿನುಗುವ ಮಳೆಯಲ್ಲೇ ನೇರವಾಗಿ ಡಿಶ್ಶಿನ ಹತ್ತಿರ ಹೋದಳು. ಕೈಯಲ್ಲಿ ಬಾಪನ ದಿಕ್ಸೂಚಿ ಇತ್ತು.

“ನೋಡಲಿಕ್ಕೆ ಇದ್ದದ್ದು ನೋಡಿ ಆಯಿತು. ಇನ್ನು ಯಾಕೆ ಅವರಿಗೆ ಬೆನ್ನು ಹಾಕಬೇಕು? ಅತ್ತ ತಿರುಗಿಸು, ಮಗಾ” ಎಂದಳು.

ಆ ಕಡೆಗೆ ತಿರುಗಿಸಿದರೆ ಏನೂ ಸಿಗುವುದಿಲ್ಲ ಎಂದು ಅಣ್ಣನಿಗೆ ಈಗ ಗೊತ್ತಿತ್ತು, ಆದರೂ ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ಸಡಿಲಿಸಿದ. ನಾನೂ ಒಂದು ಬದಿ ಹಿಡಿದೆ. ಉಮ್ಮ ವ್ಯಾನಿನಿಂದ ದೂರ ಹೋಗಿ ನಿಂತು ಮುಳ್ಳು ನೋಡಿದಳು, ಕೈಯಿಂದ ಸನ್ನೆ ಮಾಡಿದಳು. ಇನ್ನು ಸ್ವಲ್ಪ, ಇನ್ನು ಸ್ವಲ್ಪ, ಮೆಲ್ಲ. ಡಿಶ್ ನಮಗೆ ಬೆನ್ನು ಹಾಕಿ, ನೇತ್ರಾವತಿಯ ಆಚೆಗೆ, ಕಡಲಿನ ಆಚೆಗೆ ಮುಖ ಮಾಡಿ ನಿಂತಿತು. ಟಿವಿ ಹಾಕಿರಲಿಲ್ಲ, ಗೀಟು ನೋಡುವವರು ಒಳಗೆ ಯಾರೂ ಇರಲಿಲ್ಲ. ಉಮ್ಮ ಹತ್ತಿರ ಬಂದು ಅದರ ಒದ್ದೆ ಅಂಚಿನ ಮೇಲೆ ಕೈಯಿಟ್ಟಳು.

“ಬಂತು” ಅಂದಳು.

ಅಣ್ಣ ಬೋಲ್ಟು ಬಿಗಿ ಮಾಡಿದ.